ಹೊಸ ಟೆನ್ನಿಸ್ ರಾಕೆಟ್ ಬೇಕು: ಮನಸ್ಸು ಫೆಡರರ್ ಕಡೆ, ಮೊಣಕೈ ಬೇರೆ ಕಡೆ

ಮೈಸೂರು ಲಾಬ್

ಫೋರಂನ ಎಲ್ಲರಿಗೂ ನಮಸ್ಕಾರ. ವಯಸ್ಸು 41, ಊರು ಮೈಸೂರು. ಕಾಲೇಜಿನಿಂದಲೂ ಬ್ಯಾಡ್ಮಿಂಟನ್ ಆಡಿದವನು. ಹೋದ ವರ್ಷ ಟೆನ್ನಿಸ್ ಕಲಿಯಲು ಸೇರಿದೆ. ಈಗ ವಾರಕ್ಕೆ ಮೂರ್ನಾಲ್ಕು ಬೆಳಗ್ಗೆ ಡಬಲ್ಸ್ ಆಡುತ್ತೇನೆ. ಕೈಯಲ್ಲಿರುವುದು ಅಂಗಡಿಯಿಂದ ಗಟ್ (ಜಾಲದ ದಾರ) ಸಮೇತ ಬಂದ ಅಲ್ಯೂಮಿನಿಯಂ ರಾಕೆಟ್. ಕೋಚ್ ಇನ್ನು ಇದನ್ನು ಬಿಟ್ಟು ಗ್ರಾಫೈಟ್ ತೆಗೆದುಕೊಳ್ಳಿ ಅಂದರು. ಯಾವುದು ಅಂತ ಕೇಳಿದರೆ "ನಿಮ್ಮ ಕೈಗೆ ಕೂರೋದು" ಅಂದು ಮುಂದಿನ ಕೋರ್ಟಿಗೆ ಹೋದರು.

ಬಜೆಟ್ 18 ಸಾವಿರ. ಸ್ವಲ್ಪ ಆಚೀಚೆ ಆದರೂ ಪರವಾಗಿಲ್ಲ. ಕಣ್ಣಿಟ್ಟಿರುವುದು ಮೂರರ ಮೇಲೆ. ಒಂದು ವಿಲ್ಸನ್ ಆರ್‌ಎಫ್ 01 ಪ್ರೊ (ನಾನು ಫೆಡರರ್ ಭಕ್ತ, ಮುಚ್ಚಿಡುವುದೇನಿಲ್ಲ). ಎರಡು, ಅಲ್ಕರಾಜ್ ಆಡುವ ಬಾಬೊಲಾ ಪ್ಯೂರ್ ಏರೋ 98. ಮೂರು, ಎಲ್ಲರೂ ಹೇಳುವ ಪ್ಯೂರ್ ಡ್ರೈವ್. ಇನ್ನೊಂದು ವಿಷಯ. ಆಟ ಮುಗಿದ ಮೇಲೆ ಬಲ ಮೊಣಕೈ ಹೊರಭಾಗ ಸ್ವಲ್ಪ ನೋಯುತ್ತದೆ. ದೊಡ್ಡದೇನಲ್ಲ. ಹಾಲಿನ ಪಾತ್ರೆ ಎತ್ತುವಾಗ ಗೊತ್ತಾಗುತ್ತದೆ, ಅಷ್ಟೆ.

ಯಾವುದು ತೆಗೆದುಕೊಳ್ಳಲಿ?

ಕಬ್ಬನ್ ಫೋರ್‌ಹ್ಯಾಂಡ್

ಗುರು, ಆರ್‌ಎಫ್ 01 ಪ್ರೊ ಈಗಲೇ ಪಟ್ಟಿಯಿಂದ ತೆಗೆಯಿರಿ. 320 ಗ್ರಾಂ, ಅದೂ ಗಟ್ ಇಲ್ಲದೆ. ಗಟ್ಟಿಗೆ 15ರಿಂದ 18 ಗ್ರಾಂ, ಹಿಡಿ ಮೇಲೆ ಸುತ್ತುವ ಓವರ್‌ಗ್ರಿಪ್‌ಗೆ ಐದಾರು ಗ್ರಾಂ. ಹತ್ತಿರ ಹತ್ತಿರ 345. ಮೊದಲ ಸೆಟ್‌ನಲ್ಲಿ ರಾಜನ ಹಾಗೆ ಆಡುತ್ತೀರಿ. ಎರಡನೇ ಸೆಟ್‌ನಲ್ಲಿ ಎಲ್ಲಾ ಶಾಟ್ ಲೇಟು. ಫೆಡರರ್ ಹೆಸರೇ ಬೇಕು ಅಂದರೆ ಅದೇ ಸಾಲಿನಲ್ಲಿ 300 ಗ್ರಾಂನ ಆರ್‌ಎಫ್ 01 ಇದೆ, 280ರ ಫ್ಯೂಚರ್ ಕೂಡ ಇದೆ.

ಎಡಗೈ ಏಸ್

ಪ್ಯೂರ್ ಡ್ರೈವ್ ತಗೊಳ್ಳಿ ಸರ್, ಮುಗೀತು. ಅರ್ಧ ಕ್ಲಬ್ ಅದನ್ನೇ ಹಿಡಿದಿರುತ್ತದೆ. ಬೇಡ ಅನ್ನಿಸಿದರೆ ಎರಡೇ ದಿನದಲ್ಲಿ ಮಾರಿಬಿಡಬಹುದು.

ಬೇಸ್‌ಲೈನ್ ಭಟ್ಟ

ಏಸ್, ಮಾರುವ ಅನುಕೂಲ ನೋಡಿ ರಾಕೆಟ್ ಕೊಳ್ಳುವುದಾದರೆ ಚಿನ್ನ ಕೊಳ್ಳುವುದೇ ವಾಸಿ.

ಲಾಬ್ ಅವರೇ, ಮಾಡೆಲ್ ಹೆಸರು ಆಮೇಲೆ ನೋಡೋಣ. ಮೊದಲು ಕೆಲವು ಪ್ರಶ್ನೆ. ನಿಮ್ಮ ತಪ್ಪು ಚೆಂಡು ಹೆಚ್ಚಾಗಿ ಎಲ್ಲಿ ಹೋಗುತ್ತದೆ? ಬೇಸ್‌ಲೈನ್ ದಾಟಿ ಹೊರಗೋ, ನೆಟ್ಟಿಗೋ? ಒಳಗೆ ಬಿದ್ದ ಚೆಂಡು ಸರ್ವಿಸ್ ಲೈನ್ ಹತ್ತಿರವೇ ಬೀಳುತ್ತದೆಯೋ, ಆಳಕ್ಕೆ ಹೋಗುತ್ತದೆಯೋ? ಜೋರು ಸರ್ವ್ ಬಂದಾಗ ರಾಕೆಟ್ ಕೈಯಲ್ಲಿ ತಿರುಗಿದ ಹಾಗೆ ಆಗುತ್ತದೆಯೇ? ಬ್ಯಾಕ್‌ಹ್ಯಾಂಡ್ ಒಂದು ಕೈಯೋ ಎರಡು ಕೈಯೋ? ಸ್ವಿಂಗ್ ಉದ್ದವೋ, ತಳ್ಳಿದ ಹಾಗೋ?

ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ. "ಬಿಗಿನರ್ರಾ, ಇಂಟರ್‌ಮೀಡಿಯೇಟಾ" ಅಂತ ಮಾತ್ರ ಕೇಳುತ್ತಾರೆ. ಆ ಮಾತಿನಿಂದ ಏನೂ ಗೊತ್ತಾಗುವುದಿಲ್ಲ. ಒಂದೇ ಮಟ್ಟದ ಇಬ್ಬರಲ್ಲಿ ಒಬ್ಬರಿಗೆ ಚೆಂಡು ಹೋಗುವುದೇ ಇಲ್ಲ, ಇನ್ನೊಬ್ಬರಿಗೆ ನಿಲ್ಲುವುದೇ ಇಲ್ಲ. ಇಬ್ಬರಿಗೂ ಒಂದೇ ರಾಕೆಟ್ ಕೊಟ್ಟರೆ ಹೇಗೆ?

ಮೈಸೂರು ಲಾಬ್

ಭಟ್ರೇ, ಇಷ್ಟು ಯೋಚಿಸಿರಲಿಲ್ಲ. ಇವತ್ತು ಆಡುವಾಗ ಗಮನಿಸಿದೆ. ಫೋರ್‌ಹ್ಯಾಂಡ್ ಹೊರಗೆ ಹೋಗುವುದು ಕಡಿಮೆ, ಆದರೆ ಗಿಡ್ಡಗೆ ಬೀಳುತ್ತದೆ. ಎದುರಾಳಿ ಆರಾಮಾಗಿ ಮುಂದೆ ಬಂದು ಹೊಡೆಯುತ್ತಾರೆ. ಬ್ಯಾಕ್‌ಹ್ಯಾಂಡ್ ಒಂದು ಕೈ, ಹೆಚ್ಚಾಗಿ ಸ್ಲೈಸ್ (ಚೆಂಡಿನ ಕೆಳಗೆ ಕೊಯ್ದ ಹಾಗೆ). ಡ್ರೈವ್ ಮಾಡಲು ಹೋದರೆ ಲೇಟಾಗಿ ನೆಟ್ಟಿಗೆ. ನೆಟ್ ಹತ್ತಿರ ಚೆನ್ನಾಗಿ ಆಡುತ್ತೇನೆ, ಬ್ಯಾಡ್ಮಿಂಟನ್ ಪುಣ್ಯ. ಆದರೆ ಗಟ್ಟಿ ಹೊಡೆತ ಬಂದರೆ ರಾಕೆಟ್ ತಿರುಗುತ್ತದೆ, ಹೌದು. ಸ್ವಿಂಗ್ ಚಿಕ್ಕದು, ಕೊನೆಗೆ ಮಣಿಕಟ್ಟಿನಿಂದ ಒಂದು ಝಾಡಿಸುವುದು.

ಬೇಸ್‌ಲೈನ್ ಭಟ್ಟ

ಆ ಝಾಡಿಸುವುದರಲ್ಲೇ ಅರ್ಧ ಕಥೆ ಇದೆ. ಶಟಲ್ ತೂಕ ಐದು ಗ್ರಾಂ, ಟೆನ್ನಿಸ್ ಚೆಂಡು 56ರಿಂದ 59 ಗ್ರಾಂ. ಬ್ಯಾಡ್ಮಿಂಟನ್ ರಾಕೆಟ್ 80-90 ಗ್ರಾಂ, ಇಲ್ಲಿ ಅದರ ಮೂರೂವರೆ ಪಟ್ಟು. ಅಲ್ಲಿ ಮಣಿಕಟ್ಟು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಭುಜ, ಸೊಂಟ, ಕಾಲು ಮಾಡಬೇಕು. ಮಣಿಕಟ್ಟೇ ಮಾಡುತ್ತೇನೆ ಅಂದರೆ ಲೆಕ್ಕ ಮೊಣಕೈಗೆ ಬರುತ್ತದೆ.

ಈಗ ನಿಮ್ಮ ಆಟಕ್ಕೆ ಬರೋಣ. ಚಿಕ್ಕ ಸ್ವಿಂಗ್, ಗಿಡ್ಡ ಚೆಂಡು. ಅಂದರೆ ರಾಕೆಟ್ಟೇ ಸ್ವಲ್ಪ ಶಕ್ತಿ ಕೊಡಬೇಕು. ಹೆಡ್, ಅಂದರೆ ಗಟ್ ಇರುವ ತಲೆಭಾಗ, 100 ಚದರ ಇಂಚು ಇರಲಿ. ಕೆಲವು ಫ್ರೇಮ್ ಮೇಲೆ 645 ಅಂತ ಇರುತ್ತದೆ. ಅದೂ ಇದೇ, ಚದರ ಸೆಂಟಿಮೀಟರಿನಲ್ಲಿ. ಗಟ್ ಪ್ಯಾಟರ್ನ್ 16/19, ಅಂದರೆ ಉದ್ದಕ್ಕೆ 16, ಅಡ್ಡಕ್ಕೆ 19. 18/20 ಅಂದರೆ ಜಾಲ ಒತ್ತೊತ್ತು. ಉದ್ದ ಸ್ವಿಂಗಿನಲ್ಲಿ ಚಪ್ಪಟೆ ಹೊಡೆತ ಹೊಡೆಯುವವರಿಗೆ ಅದು ಚೆನ್ನ. ನಿಮಗೆ ಚೆಂಡು ಇನ್ನೂ ಗಿಡ್ಡ ಆಗುತ್ತದೆ.

ಚಿಕ್ಕ ಹೆಡ್ ಅಂದರೆ ದೊಡ್ಡ ಆಟಗಾರ ಅನ್ನುವ ಒಂದು ಗತ್ತು ನಮ್ಮಲ್ಲಿದೆ. ಸ್ಯಾಂಪ್ರಸ್ 85 ಇಂಚಿನ ಪ್ರೊ ಸ್ಟಾಫ್‌ನಲ್ಲಿ 14 ಗ್ರ್ಯಾಂಡ್ ಸ್ಲಾಮ್ ಗೆದ್ದರು, ನಿಜ. ಆದರೆ ನಿಮ್ಮ ಫೆಡರರ್ ಕಥೆ ನೋಡಿ. ವರ್ಷಗಟ್ಟಲೆ 90 ಇಂಚಿನದು. 2013ರಲ್ಲಿ ಹ್ಯಾಂಬರ್ಗ್, ಗ್ಸ್ಟಾಡ್‌ನಲ್ಲಿ 98 ಹಿಡಿದು ನೋಡಿದರು, ಮತ್ತೆ 90ಕ್ಕೆ ವಾಪಸ್. 2014ರಿಂದ 97. ಅದೇ 97ರಲ್ಲಿ 2017ರ ಆಸ್ಟ್ರೇಲಿಯನ್ ಓಪನ್ ಫೈನಲ್‌ನಲ್ಲಿ ನಡಾಲ್ ಎದುರು ಬ್ಯಾಕ್‌ಹ್ಯಾಂಡ್ ಬಾರಿಸಿದ್ದು ನೆನಪಿದೆಯಲ್ವಾ? ಎಷ್ಟೋ ವರ್ಷ ಭುಜದೆತ್ತರದ ಚೆಂಡಿಗೆ ಒದ್ದಾಡುತ್ತಿದ್ದ ಅದೇ ಬ್ಯಾಕ್‌ಹ್ಯಾಂಡ್. ಎಲ್ಲವೂ ರಾಕೆಟ್ಟಿನಿಂದ ಆಯಿತು ಅನ್ನುವುದಿಲ್ಲ. ಆದರೆ ಅಂಥವರೇ ಏಳು ಇಂಚು ಹೆಚ್ಚಿಸಿಕೊಂಡರು. ಒಂದು ಕೈ ಬ್ಯಾಕ್‌ಹ್ಯಾಂಡ್ ಆಡುವ ನಮಗೆ 100 ಹಿಡಿಯಲು ಎಂಥ ಸಂಕೋಚ?

ತೂಕ ಗಟ್ ಇಲ್ಲದೆ 285ರಿಂದ 300. ಅದಕ್ಕಿಂತ ಕೆಳಗೆ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಪ್ಯೂರ್ ಏರೋ 98 ಒಳ್ಳೆಯ ಫ್ರೇಮ್. ಆದರೆ 305 ಗ್ರಾಂ, 16/20 ಪ್ಯಾಟರ್ನ್. ಅದನ್ನು ಅಲ್ಕರಾಜ್ ವೇಗದಲ್ಲಿ ಬೀಸುವವರು ಬೇಕು.

ಹಳೇ ಮರ

ನಾವು ಕಲಿತಿದ್ದು ಮರದ ರಾಕೆಟ್ಟಿನಲ್ಲಿ. ಹೆಡ್ 65 ಇಂಚು ಇದ್ದರೆ ಹೆಚ್ಚು, ತೂಕ 370 ಗ್ರಾಂ ಮೇಲೆ. ಆಟ ಮುಗಿದರೆ ನಾಲ್ಕು ಸ್ಕ್ರೂ ಇರುವ ಪ್ರೆಸ್‌ಗೆ ಹಾಕಿ ಬಿಗಿಯಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಹಪ್ಪಳ. ಆಗ ಯಾರಿಗೂ ಪ್ಯಾಟರ್ನ್ ಗೊತ್ತಿರಲಿಲ್ಲ, ಎಲ್ಲರಿಗೂ ಆಟ ಗೊತ್ತಿತ್ತು. ಸುಮ್ನೆ ಯಾವುದೋ ಒಂದು ತಗೊಂಡು ಆಡಪ್ಪಾ.

ಬೇಸ್‌ಲೈನ್ ಭಟ್ಟ

ನಮಸ್ಕಾರ ಸರ್. ನಿಮ್ಮ ಕಾಲದವರೇ ಮರವನ್ನು ಬಿಟ್ಟಿದ್ದು! 1976ರಲ್ಲಿ ಹೊವರ್ಡ್ ಹೆಡ್ ಅನ್ನುವವರು 110 ಇಂಚಿನ ಪ್ರಿನ್ಸ್ ರಾಕೆಟ್ ತಂದಾಗ ಎಲ್ಲರೂ ನಕ್ಕರು. ಎರಡೇ ವರ್ಷಕ್ಕೆ ಪ್ಯಾಮ್ ಶ್ರೈವರ್ ಅನ್ನುವ 16ರ ಹುಡುಗಿ ಅದನ್ನೇ ಹಿಡಿದು ಯುಎಸ್ ಓಪನ್ ಫೈನಲ್‌ಗೆ ಬಂದಳು. 1987 ಆದ ಮೇಲೆ ವಿಂಬಲ್ಡನ್‌ನಲ್ಲಿ ಮರ ಕಾಣಿಸಲಿಲ್ಲ. ಆಟ ಗೊತ್ತಿದ್ದವರೇ ಬಿಟ್ಟರು ಅಂದಮೇಲೆ ಏನೋ ಇರಬೇಕಲ್ವಾ ಸರ್.

ಹಳೇ ಮರ

ಸರಿ ಸರಿ. ನಾನೂ ಈಗ ಗ್ರಾಫೈಟೇ ಆಡುವುದು. ಹೇಳಿ ಮುಂದೆ.

ಗಟ್ಟಿಂಗ್ ಸೀನ

ಇಷ್ಟು ಮಾತಾಡಿದಿರಿ, ಗಟ್ ಬಗ್ಗೆ ಒಬ್ಬರೂ ಬಾಯಿ ಬಿಟ್ಟಿಲ್ಲ. ಬೆಂಗಳೂರಿನಲ್ಲಿ ರಾಕೆಟ್ಟಿಗೆ ಗಟ್ ಹಾಕುವುದೇ ನನ್ನ ಕೆಲಸ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಚೆಂಡಿಗೆ ತಾಗುವುದು ಗಟ್, ಫ್ರೇಮ್ ಅಲ್ಲ (ಫ್ರೇಮ್ ತಾಗಿದರೆ ಪಕ್ಕದ ಕೋರ್ಟಿನವರು ಬೈಯುತ್ತಾರೆ). 20 ಸಾವಿರದ ಫ್ರೇಮಿಗೆ ತಪ್ಪು ಗಟ್ ಹಾಕಿಸಿಕೊಂಡು, ರಾಕೆಟ್ ಸರಿಯಿಲ್ಲ ಅಂತ ಮಾರುವವರನ್ನು ದಿನಾ ನೋಡುತ್ತೇನೆ. ದೊಡ್ಡದಾಗಿ ನಾಲ್ಕು ಜಾತಿ.

ಪಾಲಿಯೆಸ್ಟರ್, ನಾವು ಪಾಲಿ ಅನ್ನುತ್ತೇವೆ. 1997ರಲ್ಲಿ ಗುಸ್ತಾವೊ ಕುಯೆರ್ಟೆನ್ ಲಕ್ಸಿಲಾನ್ ಕಂಪನಿಯ ಪಾಲಿ ಹಾಕಿಕೊಂಡು ಫ್ರೆಂಚ್ ಓಪನ್ ಗೆದ್ದರು. ಸೀಡ್ (ಟೂರ್ನಿಯ ಶ್ರೇಯಾಂಕ) ಕೂಡ ಇಲ್ಲದ ಹುಡುಗ. ಅಲ್ಲಿಂದ ವೃತ್ತಿಪರರ ಇಡೀ ಟೂರ್ ಪಾಲಿ ಕಡೆ ತಿರುಗಿತು. ಜೋರಾಗಿ ಬೀಸಿದಾಗ ಉದ್ದದ ಗಟ್ ಪಕ್ಕಕ್ಕೆ ಜಾರಿ, ಮತ್ತೆ ಜಾಗಕ್ಕೆ ಚಿಮ್ಮುತ್ತದೆ. ಚೆಂಡಿಗೆ ಸ್ಪಿನ್ ಬರುವುದು ಅಲ್ಲಿ. ಆದರೆ ಆ ವೇಗ ಇರಬೇಕು. ನಿಧಾನ ಸ್ವಿಂಗಿಗೆ ಪಾಲಿ ಅಂದರೆ ತಂತಿ. ಏಟೆಲ್ಲಾ ಕೈಗೆ. ಇನ್ನೊಂದು, ಪಾಲಿ ಬೇಗ ಕಟ್ ಆಗುವುದಿಲ್ಲ, ಆದರೆ ಬೇಗ ಸಾಯುತ್ತದೆ. ಹತ್ತು ಹದಿನೈದು ಗಂಟೆ ಆಟಕ್ಕೆ ಟೆನ್ಷನ್ (ಗಟ್ಟಿನ ಬಿಗಿ) ಬಿದ್ದಿರುತ್ತದೆ. ಟೂರ್ ಆಟಗಾರರು ಪ್ರತಿ ಪಂದ್ಯಕ್ಕೂ ಹೊಸದು ಹಾಕಿಸುತ್ತಾರೆ. ನಮ್ಮವರು ಕಟ್ ಆಗಿಲ್ಲವಲ್ಲಾ ಅಂತ ವರ್ಷ ತಳ್ಳುತ್ತಾರೆ.

ಮಲ್ಟಿಫಿಲಮೆಂಟ್. ನೂರಾರು ಸಣ್ಣ ಎಳೆ ಹೊಸೆದ ಗಟ್. ಮೆತ್ತಗೆ, ಚೆಂಡು ತಾನಾಗಿ ಆಳಕ್ಕೆ ಹೋಗುತ್ತದೆ. ಎಳೆ ಬಿಡುತ್ತಾ ಬಿಡುತ್ತಾ ಒಂದು ದಿನ ಕಟ್ ಆಗುತ್ತದೆ. ಮೊಣಕೈ ನೋವಿದ್ದವರಿಗೆ ನಾನು ಬೇರೆ ಹಾಕುವುದೇ ಇಲ್ಲ.

ಸಿಂಥೆಟಿಕ್ ಗಟ್. ಅಗ್ಗ, ಯಾವುದರಲ್ಲೂ ಅತಿ ಇಲ್ಲ. ಹೊಸಬರಿಗೆ ಸಾಕು.

ನ್ಯಾಚುರಲ್ ಗಟ್. ಎಲ್ಲಕ್ಕಿಂತ ಮೆತ್ತಗೆ, ಟೆನ್ಷನ್ ಹಿಡಿದಿಡುವುದರಲ್ಲೂ ಮೊದಲು. ದುಬಾರಿ. ಹಸುವಿನ ಕರುಳಿನಿಂದ ಮಾಡುತ್ತಾರೆ. ಗೊತ್ತಿಲ್ಲದೆ ಹಾಕಿಸಿಕೊಂಡು ಆಮೇಲೆ ಬೇಜಾರಾದವರಿದ್ದಾರೆ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ.

ಟೆನ್ಷನ್. ಬಿಗಿ ಮಾಡಿದರೆ ಪವರ್ ಬರುತ್ತದೆ ಅಂತ ಮುಕ್ಕಾಲು ಜನ ನಂಬಿದ್ದಾರೆ. ಬ್ಯಾಡ್ಮಿಂಟನ್‌ನಿಂದ ಬಂದವರಂತೂ "30 ಹಾಕಿ ಅಣ್ಣಾ" ಅನ್ನುವ ಅಭ್ಯಾಸದಲ್ಲಿ ಇಲ್ಲೂ "60 ಹಾಕಿ" ಅನ್ನುತ್ತಾರೆ. ಆಗುವುದು ಉಲ್ಟಾ. ಬಿಗಿ ಆದಷ್ಟೂ ಚೆಂಡು ಗಿಡ್ಡ, ಕೈಗೆ ಏಟು ಜಾಸ್ತಿ. ಸಡಿಲ ಆದಷ್ಟೂ ಚೆಂಡು ಆಳಕ್ಕೆ. ಲಾಬ್ ಸರ್, ನಿಮಗೆ ಮಲ್ಟಿ, 52 ಪೌಂಡ್. ಚೆಂಡು ಹೊರಗೆ ಹೋಗಲು ಶುರುವಾದರೆ ಮುಂದಿನ ಸಲ 54. ಒಂದೇ ಸಲಕ್ಕೆ ಐದು ಪೌಂಡ್ ಎಗರಬೇಡಿ.

ಊರೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿ ತೆಳು, ಚೆಂಡು ಸ್ವಲ್ಪ ಹೆಚ್ಚು ಹಾರುತ್ತದೆ. 1,219 ಮೀಟರ್ ದಾಟಿದರೆ ಬೇರೆ ಚೆಂಡೇ ಬಳಸಬಹುದು ಅಂತ ನಿಯಮ ಇದೆ. ನಾವು ಅಷ್ಟು ಎತ್ತರದಲ್ಲಿ ಇಲ್ಲ. ಆದರೂ ಚೆನ್ನೈನಿಂದ ಬೆಂಗಳೂರಿಗೆ ಟೂರ್ನಿ ಆಡಲು ಬರುವ ಹುಡುಗರು ಒಂದೆರಡು ಪೌಂಡ್ ಏರಿಸಿ ಹಾಕಿಸುತ್ತಾರೆ.

ಕೊನೆಯದಾಗಿ ಡೆಮೊ, ಅಂದರೆ ಕೊಳ್ಳುವ ಮೊದಲು ಆಡಿ ನೋಡಲು ಕೊಡುವ ರಾಕೆಟ್. ಅಂಗಡಿಯಲ್ಲಿ ಒಂದು ಫ್ರೇಮಿಗೆ ಹೊಸ ಮಲ್ಟಿ, ಇನ್ನೊಂದಕ್ಕೆ ಆರು ತಿಂಗಳ ಹಿಂದಿನ ಸತ್ತ ಪಾಲಿ ಇರುತ್ತದೆ. ಎರಡನ್ನೂ ಆಡಿ "ಇದು ಚೆನ್ನಾಗಿದೆ" ಅನ್ನುವುದು, ಒಂದಕ್ಕೆ ಉಪ್ಪು ಹಾಕಿ ಇನ್ನೊಂದಕ್ಕೆ ಹಾಕದೆ ಸಾರಿನ ರುಚಿ ನೋಡಿದ ಹಾಗೆ. ಯಾವ ಗಟ್, ಎಷ್ಟು ಟೆನ್ಷನ್, ಯಾವಾಗ ಹಾಕಿದ್ದು ಅಂತ ಕೇಳಿ. ಹೇಳಲು ಬರದಿದ್ದರೆ ಆ ಡೆಮೊ ನಂಬಬೇಡಿ.

ಕಬ್ಬನ್ ಫೋರ್‌ಹ್ಯಾಂಡ್

ಸೀನಣ್ಣ, ಇದನ್ನು ಪ್ರಿಂಟ್ ತೆಗೆದು ನಮ್ಮ ಕ್ಲಬ್ ಬೋರ್ಡಿಗೆ ಅಂಟಿಸುತ್ತೇನೆ. ಕಾರಿನ ಡಿಕ್ಕಿಯಲ್ಲಿ ರಾಕೆಟ್ ಬಿಡಬೇಡಿ ಅನ್ನುವುದನ್ನೂ ಸೇರಿಸಿ.

ಗಟ್ಟಿಂಗ್ ಸೀನ

ಹೌದು, ಮರೆತೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಇಟ್ಟರೆ ಆಡದೆಯೇ ಟೆನ್ಷನ್ ಇಳಿಯುತ್ತದೆ.

ಕರಾವಳಿ ಸ್ಲೈಸ್

ಮಂಗಳೂರಿನಿಂದ ಎರಡು ಮಾತು. ನಮ್ಮಲ್ಲಿ ನ್ಯಾಚುರಲ್ ಗಟ್ ಮಾತೇ ಬೇಡ ಮಾರಾಯ್ರೆ, ತೇವಕ್ಕೆ ಹಾಳಾಗುತ್ತದೆ. ಮಲ್ಟಿ ಕೂಡ ಮಳೆಗಾಲದಲ್ಲಿ ಬೇಗ ಎಳೆ ಬಿಡುತ್ತದೆ. ನಾನು ಸಿಂಥೆಟಿಕ್ ಹಾಕಿಸಿ ಬೇಗ ಬೇಗ ಬದಲಿಸುತ್ತೇನೆ.

ನನ್ನ ಮುಖ್ಯ ವಿಷಯ ಗ್ರಿಪ್. ಅದನ್ನು ಯಾರೂ ಕೇಳಲೇ ಇಲ್ಲ. ಹಿಡಿಯ ಸುತ್ತಳತೆ 4 1/4 ಇಂಚು ಇದ್ದರೆ ಗ್ರಿಪ್ 2, 4 3/8 ಇದ್ದರೆ ಗ್ರಿಪ್ 3. ಫೋರ್‌ಹ್ಯಾಂಡ್ ಹಿಡಿತದಲ್ಲಿ ಹಿಡಿದು ನೋಡಿ. ಬೆರಳ ತುದಿಗೂ ಅಂಗೈಗೂ ನಡುವೆ ಇನ್ನೊಂದು ಕೈಯ ತೋರುಬೆರಳು ಹಿಡಿಯಬೇಕು. ಹಿಡಿಯದಿದ್ದರೆ ಗ್ರಿಪ್ ಚಿಕ್ಕದು. ತುಂಬಾ ಜಾಗ ಉಳಿದರೆ ದೊಡ್ಡದು. ಅನುಮಾನ ಬಂದರೆ ಚಿಕ್ಕದನ್ನೇ ತೆಗೆದುಕೊಳ್ಳಿ. ಒಂದು ಓವರ್‌ಗ್ರಿಪ್ ಸುತ್ತಿದರೆ ಅರ್ಧ ಸೈಜ್ ದಪ್ಪ ಆಗುತ್ತದೆ. ದೊಡ್ಡ ಗ್ರಿಪ್ಪನ್ನು ಚಿಕ್ಕದು ಮಾಡುವುದು ಕಷ್ಟ.

ಬೆವರಿನ ಕೈಯವರು ಅಂಟಂಟಾದ ಓವರ್‌ಗ್ರಿಪ್ ಬಿಟ್ಟು ಬಟ್ಟೆಯ ಹಾಗೆ ಒಣಗಿರುವ ಬಗೆ ತೆಗೆದುಕೊಳ್ಳಿ. ಜಾರುತ್ತದೆ ಅಂತ ಗಟ್ಟಿಯಾಗಿ ಹಿಡಿಯುವುದರಿಂದಲೇ ಮುಂಗೈ ಬಿಗಿಯುತ್ತದೆ. ನೂರಿನ್ನೂರು ರೂಪಾಯಿ ಉಳಿಸಲು ಕಪ್ಪಾಗಿ ಹರಿದ ಗ್ರಿಪ್‌ನಲ್ಲಿ 20 ಸಾವಿರದ ರಾಕೆಟ್ ಹಿಡಿದವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಡಬಲ್ಸ್ ಶಾರದಮ್ಮ

ಮಕ್ಕಳೇ, 285ಕ್ಕಿಂತ ಕೆಳಗೆ ಬೇಡ ಅಂತ ಭಟ್ಟರು ಹೇಳಿಬಿಟ್ಟರು. ನನ್ನದು 265 ಗ್ರಾಂ, 107 ಇಂಚಿನ ಹೆಡ್. ಅರವತ್ತರ ಹತ್ತಿರ ಬಂದಿದ್ದೇನೆ, ಧಾರವಾಡದಲ್ಲಿ ಗಂಡಸರ ಜೊತೆಗೇ ಡಬಲ್ಸ್ ಆಡುತ್ತೇನೆ. ನೆಟ್ ಹತ್ತಿರ ನನ್ನಷ್ಟು ಬೇಗ ರಾಕೆಟ್ ಏರಿಸುವವರು ನಮ್ಮ ಗುಂಪಿನಲ್ಲಿ ಇಲ್ಲ. ಹಗುರ ಅಂದರೆ ಕೀಳು ಅಂತ ಯಾಕೆ ಮಾತಾಡುತ್ತೀರಿ?

ಬೇಸ್‌ಲೈನ್ ಭಟ್ಟ

ಶಾರದಮ್ಮ, ಕೀಳು ಅಂದಿಲ್ಲ. ನಿಮಗೆ ಅದು ಸರಿಯಾಗಿಯೇ ಇದೆ. ನೀವು ಚೆಂಡನ್ನು ಮಧ್ಯಕ್ಕೆ ತಾಗಿಸುವವರು, ಜಾಗ ಮೊದಲೇ ಹಿಡಿಯುವವರು.

ಲಾಬ್ ಅವರಿಗೆ ಬೇಡ ಅಂದಿದ್ದಕ್ಕೆ ಕಾರಣ ಇದು. ಚೆಂಡು ಬಂದು ಬಡಿದಾಗ ಯಾವುದೋ ಒಂದು ಹಿಂದೆ ಸರಿಯಲೇಬೇಕು. ರಾಕೆಟ್ ಭಾರ ಇದ್ದರೆ ಚೆಂಡು ಸರಿಯುತ್ತದೆ. ರಾಕೆಟ್ ಹಗುರ ಇದ್ದರೆ ಕೈ ಸರಿಯುತ್ತದೆ. ಹಗುರ ರಾಕೆಟ್ ಕೈಗೆ ಒಳ್ಳೆಯದು ಅಂತ ಅಂಗಡಿಯವರು ಹೇಳುವುದು ಅರ್ಧ ಸತ್ಯ. ಬೀಸುವುದು ಸುಲಭ, ತಡೆಯುವುದು ಕಷ್ಟ. ಅವರ ರಾಕೆಟ್ ಈಗಲೇ ತಿರುಗುತ್ತಿದೆ, ಮೊಣಕೈ ಈಗಲೇ ನೋಯುತ್ತಿದೆ.

ಪಟ್ಟಿಯಲ್ಲಿ ತೂಕ ಒಂದನ್ನೇ ನೋಡಬೇಡಿ. ಬ್ಯಾಲೆನ್ಸ್ ನೋಡಿ. ರಾಕೆಟ್ ಉದ್ದ 27 ಇಂಚು, ಅಂದರೆ 685 ಮಿಲಿಮೀಟರ್. ಅರ್ಧ 342. ಬ್ಯಾಲೆನ್ಸ್ 320 ಅಂತ ಬರೆದಿದ್ದರೆ ಭಾರ ಹಿಡಿ ಕಡೆಗಿದೆ, ಅದೇ ಹೆಡ್ ಲೈಟ್. ವಾಲಿಗೆ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದಕ್ಕೆ) ಬೇಗ ಏಳುತ್ತದೆ. ತೀರಾ ಹಗುರ ರಾಕೆಟ್ಟುಗಳಲ್ಲಿ ಪವರ್ ತರಲು ಭಾರವನ್ನು ತಲೆಗೆ ಹಾಕಿರುತ್ತಾರೆ. ಅಂಗಡಿಯಲ್ಲಿ ಎತ್ತಿದರೆ ಹಗುರ, ಬೀಸಿದರೆ ಭಾರ. ಬೀಸುವಾಗ ಗೊತ್ತಾಗುವ ಈ ಭಾರಕ್ಕೆ ಸ್ವಿಂಗ್ ವೇಟ್ ಅನ್ನುತ್ತಾರೆ. 300 ಗ್ರಾಂನ ಸಾಮಾನ್ಯ ರಾಕೆಟ್ಟಿಗೆ ಗಟ್ ಹಾಕಿದ ಮೇಲೆ ಈ ಅಂಕೆ 315-325 ಇರುತ್ತದೆ (ಇದು ಗ್ರಾಂ ಅಲ್ಲ). ಒಂದೇ ತೂಕದ ಎರಡು ರಾಕೆಟ್ ಕೈಯಲ್ಲಿ ಬೇರೆ ಬೇರೆ ಅನ್ನಿಸುವುದು ಇದಕ್ಕೇ.

ಡಬಲ್ಸ್ ಶಾರದಮ್ಮ

ಹಾಗಾದರೆ ಒಪ್ಪಿದೆ. ಜಾಗ ಮೊದಲೇ ಹಿಡಿಯುವವರು ಅಂದಿರಲ್ಲ, ಅದನ್ನು ನಮ್ಮ ಮನೆಯವರಿಗೂ ಓದಿ ಹೇಳಿದೆ.

ಲಾಬ್ ಅವರೇ, ವಯಸ್ಸಾಯಿತು ಅಂತ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ 43 ವರ್ಷ. ನೀವಿನ್ನೂ 41!

ಕೈಮದ್ದು

ಫಿಸಿಯೋಥೆರಪಿಸ್ಟ್ ಆಗಿ ಒಂದು ಮಾತು. ಹಾಲಿನ ಪಾತ್ರೆ ಎತ್ತುವಾಗ ನೋವು ಅಂದಿರಲ್ಲ, ಅದನ್ನು "ದೊಡ್ಡದೇನಲ್ಲ" ಅಂತ ಬಿಡಬೇಡಿ. ಮೊಣಕೈ ಹೊರಗಿನ ಮೂಳೆಗೆ ಅಂಟಿಕೊಂಡ ಸ್ನಾಯುರಜ್ಜು ದಣಿದಿರುವ ಲಕ್ಷಣ ಇರಬಹುದು. ಒಮ್ಮೆ ತೋರಿಸಿಕೊಳ್ಳಿ. ಹೊಸ ರಾಕೆಟ್ ಕೊಂಡರೆ ನೋವು ಹೋಗುವುದಿಲ್ಲ. ತಪ್ಪು ರಾಕೆಟ್ ಕೊಂಡರೆ ಹೆಚ್ಚಾಗಬಹುದು. ಲೇಟಾಗಿ, ಮಣಿಕಟ್ಟು ಮಡಿಚಿ ಹೊಡೆಯುವ ಒಂದು ಕೈ ಬ್ಯಾಕ್‌ಹ್ಯಾಂಡ್ ಇದಕ್ಕೆ ಬಹಳ ದಿನದ ಗೆಳೆಯ. ಕೋಚ್ ಹತ್ತಿರ ಅದನ್ನು ಮೊದಲು ಸರಿ ಮಾಡಿಸಿಕೊಳ್ಳಿ. ಮುಂಗೈ ಸ್ನಾಯು ಬಲಪಡಿಸುವ ವ್ಯಾಯಾಮ ನಿಮ್ಮ ಫಿಸಿಯೋ ಹೇಳಿಕೊಡುತ್ತಾರೆ.

ಇನ್ನು ಗಟ್ ನಡುವೆ ಸಿಕ್ಕಿಸುವ ರಬ್ಬರ್ ಡ್ಯಾಂಪನರ್. ಅದು "ಟಿಂಗ್" ಶಬ್ದ ನಿಲ್ಲಿಸುತ್ತದೆ, ಅಷ್ಟೆ. ಮೊಣಕೈಗೆ ಅದರಿಂದ ಏನೂ ಇಲ್ಲ.

ಎಡಗೈ ಏಸ್

ಅಂದರೆ ಪ್ಯೂರ್ ಡ್ರೈವ್ ಕ್ಯಾನ್ಸಲ್ಲಾ?

ಬೇಸ್‌ಲೈನ್ ಭಟ್ಟ

ಅವರ ಮೊಣಕೈಗೆ, ನನ್ನ ಪ್ರಕಾರ ಹೌದು. ಫ್ರೇಮ್ ಎಷ್ಟು ಬಿಗಿ ಅನ್ನುವುದಕ್ಕೆ ಆರ್‌ಎ ಅಂತ ಒಂದು ಅಂಕೆ ಇದೆ. ಪ್ಯೂರ್ ಡ್ರೈವ್ ಸುಮಾರು 70ರ ಆಸುಪಾಸು. ಬಿಗಿ ಫ್ರೇಮ್ ಬಾಗುವುದಿಲ್ಲ, ಅದಕ್ಕೇ ಚೆಂಡಿಗೆ ಪವರ್ ಹೋಗುತ್ತದೆ. ಏಟಿನ ಪಾಲು ಕೈಗೂ ಬರುತ್ತದೆ. ವಿಲ್ಸನ್ ಕ್ಲ್ಯಾಶ್ 100 ಇನ್ನೊಂದು ತುದಿ. 295 ಗ್ರಾಂ, 16/19, ಆರ್‌ಎ 55ರ ಹತ್ತಿರ. ಹೊಡೆದರೆ ಮೆತ್ತಗೆ ಅನ್ನಿಸುತ್ತದೆ. ಕೆಲವರಿಗೆ ಆ ಮೆತ್ತಗೆ ಹಿಡಿಸುವುದಿಲ್ಲ, ಚೆಂಡು ಎಲ್ಲಿ ತಾಗಿತು ಅಂತ ಗೊತ್ತಾಗುವುದಿಲ್ಲ ಅನ್ನುತ್ತಾರೆ. ನಡುವೆ ಯೋನೆಕ್ಸ್ ಈಜೋನ್ 100, ಹೆಡ್ ಕಂಪನಿಯ ಸ್ಪೀಡ್ ಎಂಪಿ, ಎರಡೂ 300 ಗ್ರಾಂ. ಈಜೋನ್‌ನಲ್ಲೇ 285ರ 100ಎಲ್ ಇದೆ. ಯೋನೆಕ್ಸ್ ರಾಕೆಟ್ಟಿನ ತಲೆ ಮೇಲ್ತುದಿಯಲ್ಲಿ ಸ್ವಲ್ಪ ಚೌಕ, ಮೇಲ್ಭಾಗಕ್ಕೆ ತಾಗಿದ ಚೆಂಡೂ ಹೋಗುತ್ತದೆ.

ಏಸ್, ನಿನಗೆ ಇಪ್ಪತ್ತರ ಕೈ. ನೀನು ಆಡು.

ಸನ್ನಿವೇಲ್ ಸರ್ವ್

ಕ್ಯಾಲಿಫೋರ್ನಿಯಾದಿಂದ. ಇಲ್ಲಿ ಡೆಮೊ ರಾಕೆಟ್ಟುಗಳನ್ನು ಅಂಚೆಯಲ್ಲೇ ಮನೆಗೆ ಕಳಿಸುತ್ತಾರೆ, ವಾರ ಆಡಿ ವಾಪಸ್ ಕಳಿಸಬಹುದು. ಊರಲ್ಲಿ ಆ ಸೌಕರ್ಯ ಕಡಿಮೆ ಅಂತ ಗೊತ್ತು. ಆದರೆ ಕ್ಲಬ್‌ನಲ್ಲಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಮಾರ್ಕರ್‌ಗಳನ್ನು (ಸದಸ್ಯರ ಜೊತೆ ಆಡಲು ಕ್ಲಬ್ ಇಟ್ಟಿರುವವರು) ಕೇಳಿ. ಯಾರ ಹತ್ತಿರ ಯಾವ ರಾಕೆಟ್ ಇದೆ, ಯಾರು ಮಾರುವ ಯೋಚನೆಯಲ್ಲಿದ್ದಾರೆ, ಎಲ್ಲಾ ಅವರಿಗೆ ಗೊತ್ತಿರುತ್ತದೆ.

ಹೊಸ ಬಣ್ಣಕ್ಕೆ ದುಡ್ಡು ಕೊಡಬೇಡಿ. ಎರಡು ಮೂರು ವರ್ಷಕ್ಕೊಮ್ಮೆ ಅದೇ ಮಾಡೆಲ್ ಸ್ವಲ್ಪ ತಿದ್ದಿ, ಹೊಸ ಪೇಂಟ್ ಬಳಿದು ಬಿಡುತ್ತಾರೆ. ಹಿಂದಿನ ಮಾಡೆಲ್ ಅರ್ಧಕ್ಕೆ ಹತ್ತಿರ ಸಿಗುತ್ತದೆ. ಟೂರ್ ಆಟಗಾರರ ರಾಕೆಟ್ ನೋಡಿ ಕೊಳ್ಳುವವರಿಗೆ ಇನ್ನೊಂದು ಮಾತು. ಟಿವಿಯಲ್ಲಿ ಕಾಣುವ ಎಷ್ಟೋ ರಾಕೆಟ್ ಹೊರಗೆ ಹೊಸ ಪೇಂಟ್, ಒಳಗೆ ಆಟಗಾರನಿಗೆ ಒಗ್ಗಿದ ಹಳೇ ಅಚ್ಚು. ಸೀಸದ ಪಟ್ಟಿ ಅಂಟಿಸಿ ತೂಕವನ್ನೂ ಬದಲಿಸಿರುತ್ತಾರೆ. ಫೆಡರರ್ ಆಟೋಗ್ರಾಫ್ 97 ಇದಕ್ಕೆ ಅಪರೂಪದ ಅಪವಾದ. 340 ಗ್ರಾಂ ರಾಕೆಟ್ಟನ್ನು ಹಾಗೇ ಅಂಗಡಿಗೂ ಬಿಟ್ಟರು. ಕೊಂಡವರಲ್ಲಿ ಎಷ್ಟೋ ಜನ ಅದನ್ನು ಗೋಡೆಗೆ ತೂಗು ಹಾಕಿದ್ದಾರೆ.

ಆನ್‌ಲೈನ್‌ನಲ್ಲಿ 20 ಸಾವಿರದ್ದು ಆರು ಸಾವಿರಕ್ಕೆ ಕಂಡರೆ ನಕಲಿ ಅಂತಲೇ ತಿಳಿಯಿರಿ. ಇನ್ನು ಅಮೆರಿಕದಿಂದ ನೆಂಟರ ಕೈಯಲ್ಲಿ ತರಿಸುವವರು ಗ್ರಿಪ್ ಅಳತೆ ಬರೆದು ಕಳಿಸಿ. "ಮೀಡಿಯಂ" ಅಂದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಸಂಜೆ ಕೋಚಿಂಗ್ ಅಪ್ಪ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಮಗಳಿಗೆ ಎಂಟು ವರ್ಷ. ಬೆಳೆಯುತ್ತಾಳೆ ಅಂತ ದೊಡ್ಡವರ 27 ಇಂಚಿನದೇ ಕೊಡಿಸಿಬಿಡೋಣವೇ?

ಗಟ್ಟಿಂಗ್ ಸೀನ

ಬೇಡ ಸರ್. ಇದು ಸ್ಕೂಲ್ ಯೂನಿಫಾರ್ಮ್ ಅಲ್ಲ, ಮಡಿಚಿ ಹೊಲಿಸಲು ಆಗುವುದಿಲ್ಲ. ಎಂಟಕ್ಕೆ 23 ಇಂಚು, ಎತ್ತರ ಇದ್ದರೆ 25. ಹತ್ತು ದಾಟಿದ ಮೇಲೆ 26. ಚೆಂಡೂ ಮಕ್ಕಳದೇ ಇರಲಿ. ಕೆಂಪು, ಕಿತ್ತಳೆ, ಹಸಿರು ಚುಕ್ಕೆ ಅಂತ ನಿಧಾನದಿಂದ ವೇಗಕ್ಕೆ ಬರುತ್ತವೆ. 2012ರಿಂದ ಹತ್ತು ವರ್ಷದೊಳಗಿನವರ ಪಂದ್ಯಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸುವಂತಿಲ್ಲ ಅಂತ ನಿಯಮವೇ ಇದೆ.

ಸಂಜೆ ಕೋಚಿಂಗ್ ಅಪ್ಪ

ಧನ್ಯವಾದ ಸೀನಣ್ಣ. ದುಡ್ಡೂ ಉಳಿಯಿತು.

ಮೈಸೂರು ಲಾಬ್

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಫಿಸಿಯೋ ಹತ್ತಿರ ಹೋಗಿ ಬಂದೆ, ವ್ಯಾಯಾಮ ಕೊಟ್ಟಿದ್ದಾರೆ. ಈ ಶನಿವಾರ ಬೆಂಗಳೂರಿಗೆ ಬರುತ್ತಿದ್ದೇನೆ, ಒಂದು ಅಂಗಡಿಯವರು ಡೆಮೊ ಕೊಡುತ್ತೇವೆ ಅಂದಿದ್ದಾರೆ. ಕ್ಲ್ಯಾಶ್, ಈಜೋನ್ 100, 100ಎಲ್ ಮೂರನ್ನೂ ಕೇಳಿದ್ದೇನೆ. ಡೆಮೊದಲ್ಲಿ ಏನು ನೋಡಬೇಕು?

ಬೇಸ್‌ಲೈನ್ ಭಟ್ಟ

ಐದು ನಿಮಿಷ ರ್‍ಯಾಲಿ ಆಡಿ ನಿರ್ಧರಿಸಬೇಡಿ. ಮೈ ಬಿಸಿ ಇರುವಾಗ ಎಲ್ಲಾ ರಾಕೆಟ್ಟೂ ಚೆನ್ನ. ಒಬ್ಬ ಗೆಳೆಯನನ್ನು ಕರೆದುಕೊಂಡು ಹೋಗಿ, ಪಾಯಿಂಟ್ ಲೆಕ್ಕ ಇಟ್ಟು ಆಡಿ. ಸರ್ವ್ ಮಾಡಿ, ಜೋರು ಸರ್ವ್ ರಿಟರ್ನ್ ಮಾಡಿ, ನೆಟ್ ಹತ್ತಿರ ನಿಂತು ಗಟ್ಟಿಯಾಗಿ ಹೊಡೆಸಿಕೊಳ್ಳಿ. ದಣಿದ ಮೇಲೆ ಮೂರನ್ನೂ ಮತ್ತೊಂದು ಸುತ್ತು ಹಿಡಿಯಿರಿ. ದಣಿದಾಗ ಯಾವುದು ಲೇಟಾಗುತ್ತದೆ ಅನ್ನುವುದೇ ನಿಮಗೆ ಬೇಕಾದ ಉತ್ತರ. ಗೆದ್ದ ಶಾಟ್ ಬಿಟ್ಟುಬಿಡಿ, ತಪ್ಪಿದ ಶಾಟ್ ಎಲ್ಲಿ ಬಿತ್ತು ನೋಡಿ. ಒಂದಿಂಚು ಎರಡಿಂಚಲ್ಲಿ ತಪ್ಪುವ ರಾಕೆಟ್ ನಿಮ್ಮದು. ಒಂದೆರಡು ಅದ್ಭುತ ವಿನ್ನರ್ ಕೊಟ್ಟು ಉಳಿದದ್ದೆಲ್ಲಾ ಬೇಲಿಗೆ ಕಳಿಸುವುದು ನಿಮ್ಮದಲ್ಲ.

ಮಾರನೇ ದಿನ ಮೊಣಕೈ ಹೇಗಿದೆ ನೋಡಿಕೊಂಡು ದುಡ್ಡು ಕೊಡಿ.

ಮೈಸೂರು ಲಾಬ್

ಬಂದೆ. 100ಎಲ್ ಶುರುವಿನಲ್ಲಿ ತುಂಬಾ ಇಷ್ಟ ಆಯಿತು. ಎಷ್ಟು ಬೇಗ ತಿರುಗುತ್ತದೆ! ಆದರೆ ಅಲ್ಲಿ ಒಬ್ಬ ಕಾಲೇಜು ಹುಡುಗ ಸಿಕ್ಕಿ ನೆಟ್ ಹತ್ತಿರ ನನಗೆ ಬಾರಿಸಿದ ಮೇಲೆ, ಭಟ್ರು ಹೇಳಿದ ಹಾಗೆ ಕೈಯೇ ಹಿಂದೆ ಹೋಯಿತು. ಈಜೋನ್ 100ರಲ್ಲಿ ಫೋರ್‌ಹ್ಯಾಂಡ್ ಚೆನ್ನಾಗಿ ಆಳಕ್ಕೆ ಹೋಯಿತು. ದಣಿದ ಮೇಲೆ ಬ್ಯಾಕ್‌ಹ್ಯಾಂಡ್ ಲೇಟು. ಕ್ಲ್ಯಾಶ್ ಮೊದಲು ಇಷ್ಟವೇ ಆಗಲಿಲ್ಲ, ಹೊಡೆದದ್ದೇ ಗೊತ್ತಾಗುತ್ತಿರಲಿಲ್ಲ. ಕೊನೆಯ ಸುತ್ತಿನಲ್ಲಿ ಮಾತ್ರ ಸ್ಲೈಸ್, ವಾಲಿ ಎರಡೂ ಅದರಲ್ಲೇ ಸರಿಯಾಗಿ ಬಿದ್ದವು. ಮಾರನೇ ದಿನ ಕೈ ಸುಮ್ಮನಿತ್ತು.

ಹಿಂದಿನ ಮಾಡೆಲ್ ಕ್ಲ್ಯಾಶ್ ತೆಗೆದುಕೊಂಡೆ, ಬಜೆಟ್‌ಗಿಂತ ಕಡಿಮೆಗೇ ಸಿಕ್ಕಿತು. ಗ್ರಿಪ್ 3 ಇರಲಿಲ್ಲ, 2 ತೆಗೆದುಕೊಂಡು ಒಂದು ಓವರ್‌ಗ್ರಿಪ್ ಸುತ್ತಿಸಿದೆ. ಮಲ್ಟಿ, 52 ಪೌಂಡ್. ಆರ್‌ಎಫ್ 01 ಪ್ರೊ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು, ಕನ್ನಡಿ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಂಡೆ. ಅದಕ್ಕೆ ದುಡ್ಡು ಕೇಳಲಿಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಗಟ್ ಕಟ್ ಆಗುವವರೆಗೆ ಬಿಡಲೋ, ಮೊದಲೇ ಬದಲಿಸಲೋ?

ಗಟ್ಟಿಂಗ್ ಸೀನ

ವಾರಕ್ಕೆ ಎಷ್ಟು ದಿನ ಆಡುತ್ತೀರೋ ವರ್ಷಕ್ಕೆ ಅಷ್ಟು ಸಲ, ಇದು ಹಳೇ ಲೆಕ್ಕ. ನಿಮಗೆ ವರ್ಷಕ್ಕೆ ನಾಲ್ಕು ಸಲ. ಗಟ್ ಹೆಸರು, ಪೌಂಡ್, ಹಾಕಿದ ತಾರೀಕು ಒಂದು ಚೂರು ಸ್ಟಿಕ್ಕರ್ ಮೇಲೆ ಬರೆದು ಫ್ರೇಮಿನ ಕತ್ತಿನ ಒಳಭಾಗಕ್ಕೆ ಅಂಟಿಸಿ. ಮುಂದಿನ ಸಲ ಬೇರೆ ಯಾರ ಹತ್ತಿರ ಹೋದರೂ "ಹೋದ ಸಲ ಹಾಕಿದ್ದೇ ಹಾಕಿ" ಅನ್ನದೆ ಅದನ್ನು ತೋರಿಸಿ.